ಅತ್ತೆಯ ಪರವಾಗಿ ನಾನು ಕೊಟ್ಟ ಉತ್ತರ

ನಮ್ಮ ಅತ್ತೆಯವರ ಬಲಗಾಲು ಈಗ ಪೂರ್ತಿ ಮಡಿಸುವುದಿಲ್ಲ. ಕುರ್ಚಿಯಲ್ಲಿ ಕೂತಾಗಲೂ ಮುಂದಕ್ಕೆ ಚಾಚಿಕೊಂಡೇ ಇರುತ್ತದೆ. ಮನೆಗೆ ಬಂದವರು ಅದಕ್ಕೆ ಎಡವದ ಹಾಗೆ ಸುತ್ತು ಹಾಕಿ ಹೋಗುತ್ತಾರೆ. ಬಿದ್ದವರು ಅವರು, ಮುರಿದದ್ದು ಅವರ ಮೂಳೆ. ಆದರೆ ಅದು ಹೀಗೆ ಕೂಡಿಕೊಂಡದ್ದರಲ್ಲಿ ನನ್ನದೂ ಒಂದು ಪಾಲಿದೆ. ಎಷ್ಟು ಪಾಲು ಎಂದು ಯಾರೂ ಹೇಳಲಾರರು. ಹೇಳಿಬಿಟ್ಟಿದ್ದರೆ ಅಷ್ಟಕ್ಕೆ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ.

ಅತ್ತೆ ಉಡುಪಿಯ ಕಡೆಯವರು. ಮಾವನವರು ತೀರಿಕೊಂಡ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಎವರ್‌ಗ್ರೀನ್‌ನಲ್ಲಿರುವ ನಮ್ಮ ಮನೆಗೆ ಬಂದು ಆರು ವರ್ಷವಾಯಿತು. ಮಗನ ಜೊತೆ ತುಳು, ಮೈಸೂರಿನವಳಾದ ನನ್ನ ಜೊತೆ ಕನ್ನಡ. ಇಂಗ್ಲಿಷಿನಲ್ಲಿ ಅವರಿಗೆ ಬರುವುದು 'ಥ್ಯಾಂಕ್ಯೂ' ಮತ್ತು 'ನೋ ಶುಗರ್', ಎರಡೇ. ಎರಡನೆಯದು ಸಕ್ಕರೆ ಕಾಯಿಲೆಯಿಂದಾಗಿ ಕಲಿತದ್ದು. ಹೀಗಾಗಿ ಅವರಿಗೂ ಈ ದೇಶಕ್ಕೂ ನಡುವೆ ನಾನೇ ಬಾಯಿ, ನಾನೇ ಕಿವಿ. ಯಜಮಾನರು ಬೆಳಿಗ್ಗೆ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ಡಾಕ್ಟರು, ಫಾರ್ಮಸಿ, ಕಣ್ಣಿನ ಪರೀಕ್ಷೆ, ಎಲ್ಲ ಕಡೆಯೂ ನಾನೇ ಹೋಗುತ್ತಿದ್ದೆ. ಆ ಕೆಲಸವನ್ನು ಚೆನ್ನಾಗಿ ಮಾಡುತ್ತೇನೆಂಬ ಹೆಮ್ಮೆ ನನಗಿತ್ತು.

ನನಗೆ ಇನ್ನೊಂದು ಹೆಮ್ಮೆಯೂ ಇತ್ತು. ಈ ದೇಶಕ್ಕೆ ಬಂದ ಮೊದಲ ವಾರವೇ ಯಾರೋ ಹೇಳಿದ್ದರು, ಇಲ್ಲಿ ಮೊಸರಿನಲ್ಲೂ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ ನೋಡಿಕೊಳ್ಳಿ ಎಂದು. ಅಂದಿನಿಂದ ಗ್ರೋಸರಿಯಲ್ಲಿ ಯಾವ ಪೊಟ್ಟಣವನ್ನೂ ತಿರುಗಿಸಿ ಓದದೆ ಬುಟ್ಟಿಗೆ ಹಾಕಿದವಳಲ್ಲ. ಚೀಸು, ಬ್ರೆಡ್ಡು, ಮಗಳ ವಿಟಮಿನ್ ಮಾತ್ರೆ, ಕಡೆಗೆ ಹಲ್ಲುಜ್ಜುವ ಪೇಸ್ಟು ಕೂಡ. ಅತ್ತೆ ಇದನ್ನು ನೋಡಿ ನಗುತ್ತಿದ್ದರು. "ನೀನು ಡಬ್ಬ ಓದಿದಷ್ಟು ನಾನು ಪಂಚಾಂಗ ಓದ್ಲಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಒಮ್ಮೆ ಮಗಳು ಶಾಲೆಯಿಂದ ತಂದ ಬಿಳಿ ಮೆತ್ತನೆಯ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡೇಬಿಟ್ಟಿದ್ದರು. ಅದರಲ್ಲಿ ಏನಿದೆ ಎಂದು ನಾನು ಹೇಳಿದಾಗ ಬಾಯಿ ಮುಕ್ಕಳಿಸಿ, ಕೃಷ್ಣಾ ಎಂದು, ಮತ್ತೆ ತರಕಾರಿ ಹೆಚ್ಚಲು ಕೂತರು. ನಾನಾಗಿದ್ದರೆ ಆ ದಿನವೆಲ್ಲ ಉಪವಾಸ ಇರುತ್ತಿದ್ದೆ. ಅವರ ಭಕ್ತಿ ನನ್ನದಕ್ಕಿಂತ ಎಷ್ಟು ಬೇರೆ ಎಂದು ಅವತ್ತೇ ನನಗೆ ತಿಳಿಯಬೇಕಿತ್ತು.

ಅವರು ಬಿದ್ದದ್ದು ಗರಾಜಿನಲ್ಲಿ. ಅಕ್ಕಿಯ ದೊಡ್ಡ ಚೀಲವನ್ನು ನಾವು ಅಲ್ಲಿಯೇ ಇಡುವುದು. ಬೆಳಿಗ್ಗೆ ಹತ್ತರ ಹೊತ್ತಿಗೆ ಪಾವು ಹಿಡಿದುಕೊಂಡು ಇಳಿದವರು ಕೊನೆಯ ಮೆಟ್ಟಿಲನ್ನು ಕಾಣಲಿಲ್ಲ. ನಾನು ಓಡಿ ಹೋಗುವಷ್ಟರಲ್ಲಿ ಅಕ್ಕಿ ಕಾರಿನ ಚಕ್ರದವರೆಗೂ ಚೆಲ್ಲಿತ್ತು. ಅತ್ತೆ ಅಳುತ್ತಿರಲಿಲ್ಲ. ಅಕ್ಕಿಯನ್ನು ತುಳಿಯಬೇಡ ಎಂದರು. ತಲೆಗೆ ಪೆಟ್ಟಾಗಿರಲಿಲ್ಲ, ಮೂಳೆ ಚರ್ಮ ಸೀಳಿ ಹೊರಗೆ ಬಂದಿರಲಿಲ್ಲ, ನಾನು ಮನೆಯಲ್ಲೇ ಇದ್ದೆ. ಆಂಬುಲೆನ್ಸು ಬರುವವರೆಗೆ ಈ ಮೂರು ಕೃಪೆಗಳನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಅವರ ಕೈ ಹಿಡಿದು ಕೂತೆ.

ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವವರು ನಲವತ್ತು ದಾಟಿರದ ಡಾಕ್ಟರಮ್ಮ. ಮೆದು ಮಾತಿನವರು. ಮೊದಲು ಕೇಳಿದ್ದೇ, ಫೋನಿನಲ್ಲಿ ಕನ್ನಡ ಅನುವಾದಕರನ್ನು ಕರೆಸಲೇ ಎಂದು. ಬೇಡ, ನಾನು ಸೊಸೆ, ನಾನೇ ಹೇಳುತ್ತೇನೆ ಎಂದೆ. ಅದಕ್ಕೂ ಒಂದು ಹಾಳೆಗೆ ಸಹಿ ಬೇಕಿತ್ತು, ಹಾಕಿದೆ.

ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ಮಂಡಿಯ ಕೆಳಗಿನ ಮೂಳೆಯ ಮೇಲ್ಭಾಗ ಒಳಕ್ಕೆ ಕುಸಿದಿತ್ತು, ಬಿಸಿ ಇಡ್ಲಿಯನ್ನು ಹೆಬ್ಬೆರಳಿನಿಂದ ಒತ್ತಿದ ಹಾಗೆ. ಅದರ ಮೇಲೆ ಎಳನೀರಿನ ಗಂಜಿಯಂಥ ಒಂದು ನುಣುಪು ಪದರ ಇರುತ್ತದಂತೆ, ಕಾರ್ಟಿಲೇಜು. ಕಾಲು ಸಲೀಸಾಗಿ ಮಡಿಸುವುದು ಅದರಿಂದ. ಕುಸಿದ ಭಾಗವನ್ನು ಕೆಳಗಿನಿಂದ ಎತ್ತಬೇಕು, ಎತ್ತಿದ ಮೇಲೆ ಉಳಿಯುವ ಹಳ್ಳಕ್ಕೆ ಏನಾದರೂ ತುಂಬಬೇಕು, ಪಕ್ಕದಲ್ಲಿ ಲೋಹದ ಪಟ್ಟಿಯಿಟ್ಟು ಸ್ಕ್ರೂ ಹಾಕಬೇಕು. ತುಂಬುವುದಕ್ಕೆ ಅವರ ಹತ್ತಿರ ಬಿಳಿ ಹರಳುಗಳಿದ್ದವು. ಮೂಳೆ ಅದನ್ನು ಹಿಡಿದುಕೊಂಡು ಬೆಳೆಯುತ್ತದೆ. ಅದಕ್ಕೆ ಆಂಟಿಬಯಾಟಿಕ್ ಕಲಸಿ ತುಂಬಿದರೆ ಔಷಧಿ ಆ ಜಾಗದಲ್ಲೇ ಕೆಲವು ದಿನ ನಿಧಾನವಾಗಿ ಒಸರುತ್ತಾ ಇರುತ್ತದೆ. ರೋಗಾಣುಗಳಿಗೆ ಲೋಹದ ಮೇಲೆ ಕೂರುವುದು ಇಷ್ಟ, ಸಕ್ಕರೆ ಇರುವವರಲ್ಲಿ ಇನ್ನೂ ಇಷ್ಟ, ಅದಕ್ಕೇ ಈ ಏರ್ಪಾಟು ಎಂದರು.

ಆಮೇಲೆ ಅತ್ತೆಯ ಕೊರಳಿನ ತುಳಸಿಮಣಿಯನ್ನು ನೋಡಿ ಒಂದು ಕ್ಷಣ ತಡೆದರು. ಈ ಹರಳು ದನದ ಮೂಳೆಯಿಂದ ಬಂದದ್ದು, ಮಾಂಸದ ಅಂಶ ಏನೂ ಉಳಿಯದಂತೆ ಸುಟ್ಟು ಶುದ್ಧಮಾಡಿದ್ದು, ಆದರೂ ಕೆಲವು ಮನೆಯವರಿಗೆ ಬೇಡವಾಗುತ್ತದೆ, ಅದಕ್ಕೇ ಕೇಳುತ್ತಿದ್ದೇನೆ, ದಯವಿಟ್ಟು ಅವರನ್ನು ಕೇಳಿ ಎಂದರು.

ನಾನು ಅತ್ತೆಯನ್ನು ಕೇಳಲಿಲ್ಲ. ಡಾಕ್ಟರಮ್ಮನ ಮಾತನ್ನು ಪೊಟ್ಟಣದ ಹಿಂಬದಿಯ ಪಟ್ಟಿಯಂತೆ ಓದಿ, ಬೇಡದ ಒಂದು ಪದ ಕಂಡ ಕೂಡಲೇ ಶೆಲ್ಫಿಗೆ ವಾಪಸು ಇಟ್ಟುಬಿಟ್ಟೆ. ಇಲ್ಲ, ಸಾಧ್ಯವೇ ಇಲ್ಲ, ಗೋವು ನಮಗೆ ತಾಯಿ ಎಂದೆ. ಅವರದೇ ಮೂಳೆ ಹಾಕಲು ಬರುವುದಿಲ್ಲವೇ ಎಂದು ನಾನೇ ಕೇಳಿದೆ, ಎಲ್ಲೋ ಓದಿದ ನೆನಪಿತ್ತು. ಬರುತ್ತದೆ, ಹಳೆಯ ಒಳ್ಳೆಯ ಪದ್ಧತಿ, ಸೊಂಟದಿಂದ ತೆಗೆಯಬೇಕು, ಇನ್ನೊಂದು ಗಾಯ, ಇನ್ನಷ್ಟು ನೋವು, ಔಷಧಿಯನ್ನು ಆಗ ರಕ್ತನಾಳದ ಮೂಲಕವಷ್ಟೇ ಕೊಡುತ್ತೇನೆ ಎಂದರು ಅವರು. ಅಲ್ಲದೆ ಇನ್ನೊಂದು, ಎಂದು ಏನನ್ನೋ ಶುರುಮಾಡಿದ್ದರು. ಅವರದೇ ಮೂಳೆ ಎಲ್ಲಕ್ಕಿಂತ ಶ್ರೇಷ್ಠ ಎಂದು ನಡುವೆಯೇ ಹೇಳಿಬಿಟ್ಟೆ. ಆಕೆ ಮರ್ಯಾದಸ್ಥೆ, ನಿಲ್ಲಿಸಿದರು.

"ಎಂತ ಹೇಳಿದ್ರು? ಇಷ್ಟು ಹೊತ್ತು ಮಾತಾಡಿದ್ರಲ್ಲ" ಎಂದರು ಅತ್ತೆ.

"ನಿಮ್ಮ ಸೊಂಟದಿಂದಲೇ ಚೂರು ಮೂಳೆ ತೆಗೆದು ಇಲ್ಲಿಗೆ ಹಾಕ್ತಾರಂತೆ ಅತ್ತೆ. ಅದೇ ಒಳ್ಳೇದಂತೆ."

"ಸೊಂಟ ಎಂತ ಮಾಡಿತ್ತು ಪಾಪ, ಅದು ಬೀಳ್ಲೇ ಇಲ್ಲ."

ನಾನು ನಕ್ಕೆ. ಡಾಕ್ಟರಮ್ಮನೂ ನಮ್ಮ ನಗು ನೋಡಿ ನಕ್ಕರು. ನನ್ನ ಮಾತನ್ನು ಅವರ ಬಾಯಿಗೆ ಹಾಕಿ ಹೇಳಿದ್ದೇನೆಂದು ಅವರಿಗೇನು ಗೊತ್ತು. ಮನೆಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ, ನಮ್ಮ ಆಚಾರ ಕೆಡದ ಹಾಗೆ ಸರಿಯಾದ ಹೊತ್ತಿಗೆ ಕೇಳುವ ಬುದ್ಧಿಯನ್ನು ಡಾಕ್ಟರಿಗೆ ಕೊಟ್ಟೆಯಲ್ಲಾ ಎಂದು ಕೈಮುಗಿದೆ. ಅದನ್ನೂ ಕೃಪೆಯ ಲೆಕ್ಕಕ್ಕೇ ಸೇರಿಸಿದ್ದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಐದನೆಯ ದಿನ ಮನೆಗೆ ಕರೆತಂದೆವು. ಊಟದ ಮನೆಯ ಮೇಜು ಸರಿಸಿ, ಕೆಳಗಡೆಯೇ ಮಂಚ ಹಾಕಿದೆವು. ಮುರಿದ ಕಾಲಿಗಿಂತ ಮುರಿಯದ ಸೊಂಟವೇ ಹೆಚ್ಚು ನೋಯುತ್ತದೆ ಎಂದು ಅತ್ತೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಮಗ್ಗುಲು ಬದಲಿಸುವಾಗ ತುಟಿ ಕಚ್ಚುತ್ತಿದ್ದರು. ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಗೆ ದಿನಾ ಒಂದು ಇಂಜೆಕ್ಷನ್ ಚುಚ್ಚಬೇಕಿತ್ತು. ನರ್ಸು ಕಲಿಸಿಕೊಟ್ಟಿದ್ದಳು. ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಅದೇ ಕೈಯಲ್ಲಿ ದೇವರ ಹೆಸರು ಹೇಳಿ ಚುಚ್ಚುತ್ತಿದ್ದೆ.

ಎರಡು ವಾರವಾದ ಮೇಲೆ ಒಂದು ಶನಿವಾರ ಭಜನೆಯ ಗೆಳತಿಯೊಬ್ಬಳು ಹುಳಿ, ಪಲ್ಯ ಮಾಡಿಕೊಂಡು ನೋಡಲು ಬಂದಳು. ಬೆಂಗಳೂರಿನವಳು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಔಷಧಿ ಕಂಡುಹಿಡಿಯುವ ಲ್ಯಾಬಿನಲ್ಲಿ ಕೆಲಸ. ಅತ್ತೆ ಒಳಗೆ ನಿದ್ದೆ ಮಾಡುತ್ತಿದ್ದರು. ಅಡುಗೆಮನೆಯಲ್ಲಿ ನಿಂತು ನಾನು ದನದ ಮೂಳೆಯ ಕತೆಯನ್ನು ದೊಡ್ಡದು ಮಾಡಿಯೇ ಹೇಳಿದೆ. ಶಹಬ್ಬಾಸ್ ಎನ್ನುತ್ತಾಳೆಂದು ಕಾದೆ. ಅವಳು ಕಾಫಿ ಲೋಟ ಕೆಳಗಿಟ್ಟಳು.

"ಮಿನರಲ್ಲಿಂದ ಮಾಡಿದ್ದೂ ಇರುತ್ತೆ ಕಣ್ರೀ. ಜಿಪ್ಸಮ್ ತರದ್ದು. ಪ್ರಾಣಿದೇನೂ ಇರಲ್ಲ. ಅದಕ್ಕೂ ಆಂಟಿಬಯಾಟಿಕ್ ಕಲಸಬಹುದು. ಕೇಳಿದ್ರಾ?"

ಕೇಳಿರಲಿಲ್ಲ. ಡಾಕ್ಟರಮ್ಮ ಶುರುಮಾಡಿದ್ದ ಆ 'ಇನ್ನೊಂದು' ಏನೆಂದು ಆಗ ಹೊಳೆಯಿತು. ಫ್ರಿಜ್ಜಿನ ಪಕ್ಕದಲ್ಲಿಟ್ಟಿದ್ದ ಇಂಜೆಕ್ಷನ್ ಡಬ್ಬದ ಮೇಲೆ ಗೆಳತಿಯ ಕಣ್ಣು ಹೋಯಿತು. ಹೇಳಲೋ ಬೇಡವೋ ಎಂದು ಅವಳು ಅಳೆಯುತ್ತಿದ್ದದ್ದು ನನಗೆ ಕಂಡಿತು. ಏನು ಹೇಳು ಎಂದು ನಾನೇ ಒತ್ತಾಯ ಮಾಡಿದೆ. ಆ ಔಷಧಿ ಹಂದಿಯ ಕರುಳಿನಿಂದ ತೆಗೆಯುವಂಥದ್ದು ಎಂದಳು. ಇದನ್ನು ನಿಲ್ಲಿಸಬೇಡಿ, ಪ್ರಾಣ ಉಳಿಸುವ ಔಷಧಿ, ದೇವರಾಣೆ ನಿಲ್ಲಿಸಬೇಡಿ ಎಂದು ನನ್ನ ಕೈ ಹಿಡಿದು ಎರಡೆರಡು ಸಲ ಹೇಳಿ ಹೋದಳು.

ಇಪ್ಪತ್ತು ವರ್ಷ ಪೊಟ್ಟಣ ಓದಿದವಳು ದಿನಾ ಕೈಯಾರೆ ಚುಚ್ಚುವ ಡಬ್ಬವನ್ನು ಓದಿರಲಿಲ್ಲ. ಅಥವಾ ಕಣ್ಣಾಡಿಸಿಯೂ ಓದದೆ ಬಿಟ್ಟಿದ್ದೆನೇ? ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡುವ ಮೊದಲು ಡಬ್ಬವನ್ನು ತಿರುಗಿಸಿ ಓದಿದೆ. ಕೊಟ್ಟೆ. ದೇವರು ನನ್ನನ್ನು ಬೈಯಲಿಲ್ಲ. ಅತ್ತೆ ಬೈದರು, ಇವತ್ತು ಸೊಳ್ಳೆ ಕಚ್ಚಿದ ಹಾಗೆ ಇಲ್ಲ, ಚೇಳು ಕುಟುಕಿದ ಹಾಗಿದೆ ಎಂದು.

ಅದಾಗಿ ನಾಲ್ಕು ದಿನಕ್ಕೆ ಮಂಡಿಯ ಗಾಯದ ಒಂದು ತುದಿ ಒದ್ದೆಯಾಗಿ ಕಂಡಿತು. ಸಂಜೆಗೆ ಜ್ವರ. ಆಸ್ಪತ್ರೆಗೆ ಹೋದರೆ ಸೋಂಕು ಒಳಗಿನ ಲೋಹದ ಪಟ್ಟಿಯವರೆಗೂ ಹೋಗಿದೆ ಎಂದರು. ನೀರಿನ ಕೊಡದ ಒಳಗೆ ಲೋಳೆ ಕಟ್ಟಿದ ಹಾಗೆ ರೋಗಾಣುಗಳು ಲೋಹದ ಮೇಲೆ ಪದರ ಕಟ್ಟಿಕೊಳ್ಳುತ್ತವಂತೆ. ಆ ಪದರದೊಳಗೆ ಸೇರಿದ ಮೇಲೆ ರಕ್ತದಲ್ಲಿ ಹರಿದು ಬರುವ ಔಷಧಿಗೆ ಅವು ಜಗ್ಗುವುದಿಲ್ಲ. ಮತ್ತೆ ತೆರೆಯಬೇಕು, ತೊಳೆಯಬೇಕು, ಪಟ್ಟಿ ಬದಲಿಸಬೇಕು. ಯಜಮಾನರು ಗೋಡೆ ಹಿಡಿದುಕೊಂಡು ನಿಂತಿದ್ದರು. ಮನೆಗೆ ಹೋಗುವಾಗ ಫ್ರೀವೇಯಲ್ಲಿ ಅವರಿಗೆ ಎಲ್ಲ ಹೇಳಿದೆ. ಅವರು ರಸ್ತೆ ನೋಡುತ್ತಲೇ, "ಅಮ್ಮ ಬೇಡ ಅಂತಾನೇ ಅಂತಿದ್ರು, ಬಿಡು" ಎಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು. ಅತ್ತೆಗೂ ನಾಳೆ ಹೇಳಿಬಿಡುತ್ತೇನೆ ಎಂದುಕೊಂಡೆ.

ಮರುದಿನ ನಾನು ಹೋಗುವಷ್ಟರಲ್ಲಿ ನರ್ಸು ಚಕ್ರದ ಕಂಬಕ್ಕೆ ಸಿಕ್ಕಿಸಿದ ಟ್ಯಾಬ್ಲೆಟ್ಟನ್ನು ಮಂಚದ ಪಕ್ಕ ತಂದು ನಿಲ್ಲಿಸಿದ್ದಳು. ಎರಡನೆಯ ಆಪರೇಷನ್, ಅನುವಾದಕರೇ ಬೇಕು, ನಿಯಮ ಎಂದಳು. ಡಾಕ್ಟರಮ್ಮ ಬಂದರು. ಟ್ಯಾಬ್ಲೆಟ್ಟಿನಿಂದ ಗಂಡಸಿನ ದನಿ ಕೇಳಿತು, ಹುಬ್ಬಳ್ಳಿ ಕಡೆಯದು, ತುಂಬ ವಿನಯದ ದನಿ. ಅತ್ತೆಗೆ ಖುಷಿಯೋ ಖುಷಿ, ನಿಮ್ಮದು ಯಾವ ಊರು, ಊಟ ಆಯಿತಾ ಎಂದೆಲ್ಲ ಕೇಳಿದರು. ನಾನು ಕಿಟಕಿಯ ಹತ್ತಿರ ನಿಂತುಕೊಂಡೆ.

"ಅಮ್ಮಾರ, ಡಾಕ್ಟರ್ ಹೇಳ್ತಾರ್ರಿ, ಹೋದ ಸಲ ನೀವು ಆಕಳ ಎಲುಬಿನಿಂದ ಮಾಡಿದ್ದು ಬ್ಯಾಡ ಅಂದಿದ್ರಿ. ಅದಕ್ಕ ಈ ಸಲ ಬರೇ ಖನಿಜದ ಗುಂಡು ಹಾಕ್ತೀವಿ. ಅದರಾಗ ಔಷಧಿ ಇರ್ತೈತಿ. ಕೆಲವು ವಾರದಾಗ ಕರಗಿ ಹೋಗ್ತೈತಿ. ಅಡ್ಡಿ ಇಲ್ಲೇನ್ರಿ?"

ಅತ್ತೆ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಒಂದು ಲೆಕ್ಕ ತಾಳೆಯಾದಂತೆ ನೋಡಿದರು. ಸೊಂಟದ ನೋವಿಗೆ ಈಗ ಕಾರಣ ಸಿಕ್ಕಿತ್ತು. ನಾನು ತಲೆ ತಗ್ಗಿಸಿದೆ. ಅವರು ಮತ್ತೆ ಆ ಟ್ಯಾಬ್ಲೆಟ್ಟಿಗೆ ಮುಖ ಮಾಡಿದರು.

"ಹೌದು. ಬೇಡ ಅಂತ ನಾನೇ ಹೇಳಿದ್ದು" ಎಂದರು.

ಅಷ್ಟಕ್ಕೆ ನಿಲ್ಲಲಿಲ್ಲ. ಆ ದನಿಯ ಮೂಲಕ ಅವರೇ ಒಂದೊಂದಾಗಿ ಕೇಳತೊಡಗಿದರು. ಆ ಗುಂಡು ಕರಗಿದ ಮೇಲೆ ಹಳ್ಳ ಖಾಲಿಯಾಗುವುದಿಲ್ಲವೇ? ಸೋಂಕು ಮತ್ತೆ ಬಂದರೆ ಕಾಲು ಕತ್ತರಿಸಬೇಕಾಗುತ್ತದೆಯೇ? ಮೆಟ್ಟಿಲು ಹತ್ತಬಹುದೇ? ನೆಲದ ಮೇಲೆ ಕೂರಬಹುದೇ, ಚಕ್ಕಳಮಕ್ಕಳ ಹಾಕಿ? ಆ ನುಣುಪು ಪದರವನ್ನು ಹೊಸದಾಗಿ ಬೆಳೆಸಲು ಬರುವುದಿಲ್ಲವೇ? ಆರು ವರ್ಷ ಅವರ ಬಾಯಾಗಿದ್ದವಳು ನಾನು. ಅವರೊಳಗೆ ಇಷ್ಟು ಪ್ರಶ್ನೆಗಳಿವೆಯೆಂದು ನನಗೆ ಗೊತ್ತೇ ಇರಲಿಲ್ಲ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು ಎಲ್ಲದಕ್ಕೂ ಉತ್ತರ ಹೇಳಿದರು. ಕಾರ್ಟಿಲೇಜನ್ನು ರೋಗಿಯದೇ ಕೋಶದಿಂದ ಬೆಳೆಸಿ ತೇಪೆ ಹಾಕುವುದು ಉಂಟು, ಆದರೆ ಅದು ಚಿಕ್ಕ ತೂತಿಗೆ, ಚಿಕ್ಕ ವಯಸ್ಸಿನವರಿಗೆ. ಸೋಂಕು ಈಗಾಗಲೇ ಸಾಕಷ್ಟು ತಿಂದಿದೆ. ನೆಲದ ಮೇಲೆ ಕೂರುವುದು ಬಹುಶಃ ಆಗಲಿಕ್ಕಿಲ್ಲ ಎಂದರು. ಅತ್ತೆ ಹೂಂ ಎಂದರು. ಕನ್ನಡದಲ್ಲಿ ದೊಡ್ಡದಾಗಿ ಸಹಿ ಹಾಕಿದರು.

ಎಲ್ಲರೂ ಹೋದ ಮೇಲೆ ನಾನು ಮಂಚದ ಪಕ್ಕಕ್ಕೆ ಬಂದೆ. ತಪ್ಪಾಯಿತು ಎಂದೆ.

"ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು."

"ಕೇಳಿದ್ರೂ ಬೇಡ ಅಂತೀರಿ ಅಂದ್ಕೊಂಡೆ ಅತ್ತೆ."

"ಚೆಂಡೆಗೆ ಚರ್ಮ ಎಲ್ಲಿಂದ ಬರ್ತದೆ ಹೇಳು? ದೇವರ ಎದುರೇ ಬಾರಿಸ್ತಾರಲ್ಲ."

"ಹಾಗಾದ್ರೆ ಹೂಂ ಅಂತಿದ್ರಾ?"

"ಅದೇ ಗೊತ್ತಿಲ್ಲ ಮಗಾ. ಹೂಂ ಅಂತಿದ್ದೆನಾ, ಬೇಡ ಅಂತಿದ್ದೆನಾ. ಆ ಹೊತ್ತಿಗೆ ಕೇಳಿದ್ರೆ ನನಗೂ ಗೊತ್ತಾಗ್ತಿತ್ತು. ಈಗ ಎಂತ ಹೇಳಿದ್ರೂ ಸುಳ್ಳೇ."

ಅವರು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಎಪ್ಪತ್ತಾರು ವರ್ಷ ದೇವರನ್ನು ನಂಬಿ ಬದುಕಿದ ಹೆಂಗಸು, ತನ್ನ ಕಾಲು ಮತ್ತು ತನ್ನ ದೇವರು ಎದುರುಬದುರು ನಿಂತ ಆ ಒಂದು ಗಳಿಗೆಯಲ್ಲಿ ಏನು ಹೇಳುತ್ತಿದ್ದರೋ ಅದನ್ನು ಹೇಳಲು ನಾನು ಬಿಡಲಿಲ್ಲ.

ಎರಡನೆಯ ಆಪರೇಷನ್ ಆಯಿತು. ಖನಿಜದ ಗುಂಡುಗಳು ಕರಗಿದವು, ಸೋಂಕು ಹೋಯಿತು, ಕೆಲವು ತಿಂಗಳಲ್ಲಿ ಮೂಳೆ ಕೂಡಿತು. ಒಂದು ತಪಾಸಣೆಯ ದಿನ ಡಾಕ್ಟರಮ್ಮನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದೆ, ಮೊದಲ ಸಲವೇ ಹರಳು ಹಾಕಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು. ಹಾಕಿದವರಿಗೂ ಸೋಂಕು ಆಗುವುದುಂಟು, ಹಾಕದವರಲ್ಲಿ ಎಷ್ಟೋ ಜನರಿಗೆ ಆಗುವುದಿಲ್ಲ, ಸಕ್ಕರೆ ಇದೆ, ವಯಸ್ಸಿದೆ, ಹೌದು ಎನ್ನಲೂ ಇಲ್ಲ ಎನ್ನಲೂ ನನಗೆ ಆಗುವುದಿಲ್ಲ ಎಂದರು. ಇನ್ನೊಂದು ದಾರಿ ಇದೆಯೆಂದು ಅಂದು ನಾನೂ ಒತ್ತಿ ಹೇಳಬಹುದಿತ್ತು ಎಂದೂ ಅಂದರು. ಅದು ಅವರ ದೊಡ್ಡತನ.

ಕೃಪೆಗಳಿಗೆ ಕೊರತೆಯಿಲ್ಲ. ಕಾಲು ಉಳಿಯಿತು. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ. ದೇವರ ಮನೆಯ ಮುಂದೆ ಎತ್ತರದ ಕುರ್ಚಿ ಹಾಕಿದ್ದೇವೆ, ಅಲ್ಲಿಂದಲೇ ಸ್ತೋತ್ರ ಹೇಳುತ್ತಾರೆ. ನೆಲದ ಮೇಲೆ ಕಾಲು ಚಾಚಿ, ಮೊಣಕಾಲಿನ ಕೆಳಗೆ ಹತ್ತಿ ಉಜ್ಜಿ ಬತ್ತಿ ಹೊಸೆಯುತ್ತಿದ್ದವರು. ಆ ಜಾಗದಲ್ಲೀಗ ಹೊಲಿಗೆಯ ಗುರುತು ಏಣಿಯ ಹಾಗೆ ನಿಂತಿದೆ. ಈಗ ಬತ್ತಿಯನ್ನು ಇಂಡಿಯನ್ ಅಂಗಡಿಯಿಂದ ತರುತ್ತೇವೆ. ನಮ್ಮಿಬ್ಬರ ನಡುವೆ ಮಾತು ನಿಂತಿಲ್ಲ, ನಗು ನಿಂತಿಲ್ಲ. ಅಂದು ಆಸ್ಪತ್ರೆಯಲ್ಲಿ ನಡೆದದ್ದನ್ನು ಯಾರ ಮುಂದೆಯೂ ಅವರು ಎತ್ತಿಲ್ಲ.

ಆದರೆ ಈಚೆಗೆ ಒಂದು ಗಮನಿಸಿದ್ದೇನೆ. ಡಾಕ್ಟರ ಹತ್ತಿರ ಹೋಗಿ ಬಂದ ದಿನ, ಅಲ್ಲಿ ಹೇಳಿದ್ದನ್ನೆಲ್ಲ ನಾನು ಒಂದು ಪದ ಬಿಡದೆ ಹೇಳುತ್ತೇನೆ, ಬೇಕಾದ್ದು, ಬೇಡದ್ದು, ಎಲ್ಲ. ಹೂಂ ಹೂಂ ಎಂದು ಕೇಳುತ್ತಾರೆ. ಸಂಜೆ ಮಗ ಬಂದು ಚಪ್ಪಲಿ ಬಿಡುವ ಮೊದಲೇ ಮೆಲ್ಲಗೆ ತುಳುವಿನಲ್ಲಿ ಹೇಳುತ್ತಾರೆ, ಡಾಕ್ಟರು ಕೊಟ್ಟ ಆ ಕಾಗದದಲ್ಲಿ ಏನು ಬರೆದಿದ್ದಾರೆ ಸ್ವಲ್ಪ ಓದು ಎಂದು. ನನಗೆ ತುಳು ಅಷ್ಟಿಷ್ಟು ಅರ್ಥವಾಗುತ್ತದೆಂದು ಅವರಿಗೆ ಗೊತ್ತು. ಯಜಮಾನರು ಓದಿ ಹೇಳುತ್ತಾರೆ. ನಾನು ಹೇಳಿದ್ದೇ ಇರುತ್ತದೆ ಅದರಲ್ಲಿ. ಅಡುಗೆಮನೆಯಲ್ಲಿ ನಿಂತು, ಒಲೆ ಸಣ್ಣ ಮಾಡಿ, ನಾನೂ ಕಿವಿಗೊಟ್ಟು ಕೇಳುತ್ತೇನೆ, ಏನಾದರೂ ಬಿಟ್ಟಿದ್ದೇನೋ ಎಂದು.